ಎರಡೆಳೆ ಕುಚ್ಚಿನ ಪತಂಗ

ಸಂಗ್ರಹಾಲಯದಲ್ಲಿ ಕೆಲಸ ಮಾಡುವ ಸೊಸೆ, ಅಕ್ಕಿಕಾಳಿಗಿಂತ ಚಿಕ್ಕದಾದ ಹೊಸ ಪತಂಗವೊಂದರ ವಿವರಣೆ ಬರೆಯುತ್ತಿದ್ದಳು. ಒಂಬತ್ತು ಪತಂಗಗಳ ದೊಡ್ಡ ಚಿತ್ರಗಳು ಊಟದ ಮೇಜಿನ ಮೇಲೆ ಹರಡಿದ್ದವು. ನಲವತ್ತು ವರ್ಷ ಬಟ್ಟೆ ಹೊಲಿದ ಅತ್ತೆ ಬಗ್ಗಿ ನೋಡಿದರು.

"ಇವೆಲ್ಲ ಒಂದೇ ಜಾತಿನಾ?"

"ಹೌದತ್ತೆ."

"ಮತ್ತೆ ಈ ಮೂರರ ರೆಕ್ಕೆ ಅಂಚಿಗೆ ಎರಡೆಳೆ ಕುಚ್ಚಿದೆ, ಉಳಿದವಕ್ಕೆ ಒಂದೇ ಎಳೆ. ಯಾಕೆ?"

ಸೊಸೆಗೆ ಮೊದಲು ನಗು ಬಂತು, ಚಿತ್ರ ಮತ್ತೆ ನೋಡಿದಾಗ ಆ ನಗು ನಿಂತಿತು. ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಅದು ಅವಳಿಗೆ ಕಂಡಿರಲಿಲ್ಲ. ಮರುದಿನ ಸೂಕ್ಷ್ಮದರ್ಶಕದಡಿ ಆ ಮೂರು ಪತಂಗಗಳನ್ನೂ ಕೊಯ್ದು ನೋಡಿದಳು. ಒಳಗಿನ ಅಂಗಗಳೂ ಬೇರೆಯೇ ಇದ್ದವು. ಸಂಜೆ ಬಾಗಿಲಲ್ಲೇ ಕೂಗಿದಳು.

"ಅತ್ತೆ, ಹೊಸ ಜಾತಿ ಒಂದಲ್ಲ, ಎರಡು!"

ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿದರು. "ಅಲ್ಲಮ್ಮಾ, ಅವು ತಮ್ಮವರನ್ನ ಹೇಗೆ ಗುರುತು ಹಿಡೀತಾವೆ?"

"ಅದು ಇನ್ನೂ ಯಾರಿಗೂ ಗೊತ್ತಿಲ್ಲ," ಎಂದಳು ಸೊಸೆ, ಚೀಲ ಕೆಳಗಿಡುವುದನ್ನೂ ಮರೆತು.