ಸ್ಟೀಲಿನ ತಂತಿ

ಕೊಂಡಪ್ಪ ಎರಡು ಪೊಟ್ಟಣಗಳನ್ನು ಗಾಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, "ಇರೋದು ಇವೆರಡೇ ಸೆಟ್ಟು. ಯಾವ್ದು ಬೇಕೋ ನೋಡಿ ಹೇಳು," ಎಂದ. ಬೈರಣ್ಣ ಬಲಗೈಯನ್ನು ಮಾತ್ರ ಮುಂದೆ ಚಾಚಿದ. ಎಡಗೈ ಪ್ಯಾಂಟಿನ ಜೇಬಿನೊಳಗೇ ಉಳಿಯಿತು.

ಬೆಂಗಳೂರು ದಂಡಿನ ಒಂದು ಓಣಿಯಲ್ಲಿ ಮೂವತ್ತು ವರ್ಷದಿಂದ ಬ್ಯಾಂಡ್ ವಾದ್ಯಗಳ ರಿಪೇರಿ ಮಾಡುತ್ತಿದ್ದ ಮುದುಕ ಕೊಂಡಪ್ಪ. ಆಗ, ಎಪ್ಪತ್ತೈದನೇ ಇಸವಿಯಲ್ಲಿ, ಬೇಸ್ ಗಿಟಾರಿನ ತಂತಿ ಕೇಳಿದ ಕಡೆ ಸಿಗುವ ಸಾಮಾನಲ್ಲ. ಹಡಗಿನಲ್ಲಿ ವಾದ್ಯ ನುಡಿಸಿ ಬಂದವರು, ಮನೆಮಠ ಮಾರಿ ಆಸ್ಟ್ರೇಲಿಯಾಕ್ಕೆ ಹೊರಟವರು ಬಿಟ್ಟುಹೋದದ್ದು ಅವನ ಕಪಾಟು ಸೇರುತ್ತಿತ್ತು. ಬೈರಣ್ಣನಿಗೆ ಹಳೆಯ ಗಿಟಾರು ಕೊಡಿಸಿದವನೂ ಅವನೇ. ಬೈರಣ್ಣನದು ನೆಲಮಂಗಲದಲ್ಲಿ ಸೈಕಲ್ ಶಾಪು. ಲಗ್ನದ ತಿಂಗಳುಗಳಲ್ಲಿ ಅಪ್ಪಯ್ಯಣ್ಣನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದ.

"ಇದು ನಿಕ್ಕಲ್ಲು, ನೀನೀಗ ಹಾಕಿರೋ ಥರದ್ದೇ," ಎಂದ ಕೊಂಡಪ್ಪ. "ನಯವಾಗಿರ್ತದೆ, ಬೆರಳಿಗೆ ಹಿತ. ಸದ್ದು ತಳದಲ್ಲಿ ಗುಮ್ ಅಂತ ಕೂತ್ಕೊಂತದೆ. ಇದು ಸ್ಟೀಲು. ಗಂಟೆ ಹೊಡ್ದಂಗೆ ಕೇಳ್ತದೆ, ಆದ್ರೆ ಮುಟ್ಟಿದ್ರೆ ಅರ ಇದ್ದಂಗೆ. ಮೊದಲ ಹದಿನೈದು ದಿನ ಬೆರಳೆಲ್ಲ ಕಿತ್ತು ಬರ್ತದೆ."

"ಸ್ಟೀಲೇ ಕೊಡಿ."

"ಯಾಕಪ್ಪಾ? ನಿಕ್ಕಲ್ಲೇ ಆಗ್ಬೇಕು ಅಂತಿದ್ದೆ ಹೋದ ಸಲ."

ಬೈರಣ್ಣ ಎಡಗೈಯನ್ನು ಹೊರತೆಗೆದ. ಕಿರುಬೆರಳಿನ ಬುಡದಿಂದ ಮಣಿಕಟ್ಟಿನ ಕಡೆಗೆ ತಾಮ್ರದ ಬಣ್ಣದ ಒಂದು ಮಚ್ಚೆ ಹರಡಿತ್ತು. ಅದರ ಮೇಲೆ ಕೂದಲಿರಲಿಲ್ಲ. ಕೊಂಡಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ, ಮುಟ್ಟಲಿಲ್ಲ.

"ಕೆರೆತ ಐತಾ?"

"ಹೂಂ. ಐತೆ," ಎಂದ ಬೈರಣ್ಣ. ಅದು ಸುಳ್ಳಾಗಿತ್ತು.

"ಕೆರೆತ ಇದ್ರೆ ನಿಕ್ಕಲ್ಲಿಂದ್ಲೇ ಕಣಪ್ಪ. ಕೆಲವರ ಮೈಗೆ ಆಗಿಬರಲ್ಲ. ನಮ್ಮ ಪಿಟೀಲಿನವನೊಬ್ಬನಿಗೆ ವಾಚಿನ ಪಟ್ಟಿ ಕಟ್ಟಿದ ಕಡೆಯೆಲ್ಲ ಗಂದೆ ಏಳ್ತಿತ್ತು." ಮುದುಕ ಮಾತು ನಿಲ್ಲಿಸಿ ಇನ್ನೊಮ್ಮೆ ನೋಡಿದ. "ಆದ್ರೆ ತಂತಿ ತಾಗೋದು ಬೆರಳ ತುದಿಗಲ್ವಾ? ಇದು ಕೈಹಿಂದೆ ಐತಲ್ಲ."

"ಬೆವರು ಇಳ್ದು ಹಂಗಾಗಿರ್ಬೇಕು," ಎಂದು ಬೈರಣ್ಣ ಸ್ಟೀಲಿನ ಪೊಟ್ಟಣ ತೆಗೆದುಕೊಂಡ. ಎಷ್ಟೋ ತಿಂಗಳ ಮೇಲೆ ಅವನಿಗೆ ಎದೆ ಹಗುರಾದಂತಾಯಿತು. ಬಸ್ಸಿನಲ್ಲಿ ನೆಲಮಂಗಲ ಮುಟ್ಟುವವರೆಗೂ ನಿಕ್ಕಲ್, ನಿಕ್ಕಲ್ ಎಂದು ಒಳಗೇ ಹೇಳಿಕೊಳ್ಳುತ್ತಿದ್ದ.

ಹೆಂಡತಿ ಭಾಗ್ಯಮ್ಮ ಅವನು ಹೇಳಿದ್ದನ್ನೆಲ್ಲ ರಾಗಿ ಕೇರುತ್ತಲೇ ಕೇಳಿದಳು. ಒಂಬತ್ತು ತಿಂಗಳ ಮಗಳು ಪಕ್ಕದಲ್ಲಿ ಅಂಬೆಗಾಲಿಡುತ್ತಿದ್ದಳು. ಎರಡು ತಿಂಗಳಿಂದ ಅವನು ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಕೇಳಿದರೆ ಕೈಯೆಲ್ಲ ಗ್ರೀಸು ಎನ್ನುತ್ತಿದ್ದ.

"ಒಳ್ಳೇದಾಯ್ತು ಬಿಡಿ," ಎಂದು ಮೊರ ಕೆಳಗಿಟ್ಟಳು. ಆಮೇಲೆ, ಏನೋ ನೆನಪಾದವಳಂತೆ, "ಅಲ್ರೀ, ಸೈಕಲ್ ಹ್ಯಾಂಡಲ್‌ಗೂ ನಿಕ್ಕಲ್ಲೇ ಹಾಕ್ಸೋದು ಅಂತೀರಲ್ಲ. ದಿನಾ ಬೆಳಿಗ್ಗೆಯಿಂದ ಅದನ್ನೇ ಮುಟ್ತೀರಿ, ಎರಡೂ ಕೈಯಲ್ಲಿ. ಬಲಗೈಗೆ ಯಾಕೆ ಬಂದಿಲ್ಲ?" ಎಂದಳು.

"ಅದು ಬೇರೆ, ಇದು ಬೇರೆ. ನಿಂಗೇನ್ ಗೊತ್ತಾಗತ್ತೆ."

ಅವಳು ಮತ್ತೆ ಮೊರ ಎತ್ತಿಕೊಂಡಳು. ಅವನು ಅಂಗಳಕ್ಕೆ ಹೋಗಿ ನಿಂತ.

ಅವನಿಗೆ ಏಳೆಂಟು ವರ್ಷವಿದ್ದಾಗ, ಅಪ್ಪನ ತಮ್ಮ ಸೊಣ್ಣಪ್ಪನಿಗೆ ದೊಡ್ಡ ರೋಗ ಎಂದು ಊರವರು ಹೇಳಿ, ಹೊಲದಂಚಿನಲ್ಲಿ ಗುಡಿಸಲು ಹಾಕಿಕೊಟ್ಟಿದ್ದರು. ಬೈರಣ್ಣನ ಅವ್ವ ದಿನಕ್ಕೊಂದು ಹೊತ್ತು ಮುದ್ದೆ ಸಾರು ಒಯ್ದು ಬಂಡೆಯ ಮೇಲಿಟ್ಟು, ಒಂದು ಕೂಗು ಹಾಕಿ, ಹಿಂದಿರುಗಿ ನೋಡದೆ ಬರುತ್ತಿದ್ದಳು. ಒಂದು ದಿನ ಹೋದಾಗ ಹಿಂದಿನ ದಿನದ ಮುದ್ದೆ ಬಂಡೆಯ ಮೇಲೆ ಹಾಗೇ ಇತ್ತು. ಅವ್ವ ಹೊಸ ಮುದ್ದೆಯನ್ನೂ ಅದರ ಪಕ್ಕದಲ್ಲೇ ಇಟ್ಟು ಬಂದಿದ್ದಳು. ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸೊಣ್ಣಪ್ಪನ ಮಾತನ್ನು ಬೈರಣ್ಣ ಹೆಂಡತಿಗೆ ಯಾವತ್ತೂ ಹೇಳಿರಲಿಲ್ಲ.

ಭಾನುವಾರ ಅಪ್ಪಯ್ಯಣ್ಣನ ಅಕ್ಕಿ ಗೋದಾಮಿನಲ್ಲಿ ಆರ್ಕೆಸ್ಟ್ರಾದವರು ಸೇರಿದರು. ಬೈರಣ್ಣ ಹೊಸ ತಂತಿ ಬಿಗಿದು ಒಂದು ಸಲ ಮೀಟಿದ. ತಗಡಿನ ಸೂರು ಅದುರಿತು. ತಬಲಾದವನು ತಲೆಯೆತ್ತಿ ನೋಡಿದ.

"ಲೇ ಬೈರಣ್ಣ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ? ಹಿಂದೆ ಕೂತೋರಿಗೂ ಕೇಳ್ಸತ್ತೆ ಕಣೋ," ಎಂದ ಅಪ್ಪಯ್ಯಣ್ಣ. ಹಾಡುಗಾರನೂ ಅವನೇ, ಯಜಮಾನನೂ ಅವನೇ. ಬೈರಣ್ಣನಿಗಿಂತ ಹತ್ತು ವರ್ಷ ದೊಡ್ಡವನು, ಅವನ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವನು.

"ನಿಕ್ಕಲ್ ನನ್ ಮೈಗಾಗಲ್ವಂತೆ ಅಪ್ಪಯ್ಯಣ್ಣ. ಇನ್ಮೇಲೆ ಇದೇ," ಎಂದ ಬೈರಣ್ಣ, ಎಲ್ಲರಿಗೂ ಕೇಳಿಸುವಂತೆ. ಮಚ್ಚೆಯನ್ನೂ ತೋರಿಸಿದ. ಎಲ್ಲರೂ ನೋಡಿ ತಲೆಯಾಡಿಸಿದರು.

ನಾಲ್ಕನೆಯ ಹಾಡಿನ ಹೊತ್ತಿಗೆ ತೋರುಬೆರಳು ಉರಿಯತೊಡಗಿತು. ನಡುಬೆರಳೂ ಉರಿಯಿತು. ಕೊಂಡಪ್ಪ ಹೇಳಿದ್ದು ಸರಿ, ಸ್ಟೀಲು ನಿಜಕ್ಕೂ ಅರದ ಹಾಗೆ ಉಜ್ಜುತ್ತಿತ್ತು. ಆ ಉರಿಯೇ ಅವನಿಗೆ ಖುಷಿ ಕೊಟ್ಟಿತು. ನೋವಾದರೆ ಬೆರಳು ಚೆನ್ನಾಗಿದೆ ಎಂದೇ ಅಲ್ಲವೇ ಅಂದುಕೊಂಡು ಇನ್ನಷ್ಟು ಒತ್ತಿ ನುಡಿಸಿದ. ಉಂಗುರದ ಬೆರಳು, ಕಿರುಬೆರಳು ಎರಡೂ ಉರಿಯುತ್ತಿಲ್ಲ ಎಂಬುದರ ಕಡೆಗೆ ಗಮನ ಹೋಗದಂತೆ ಹಾಡಿನ ಲೆಕ್ಕ ಹಿಡಿದ.

ಹಾಡು ಅರ್ಧದಲ್ಲಿದ್ದಾಗ ಅಪ್ಪಯ್ಯಣ್ಣ ಕೈಯೆತ್ತಿ ನಿಲ್ಲಿಸಿದ. "ಏಯ್, ರಕ್ತ."

ಗಿಟಾರಿನ ಕತ್ತಿನ ಉದ್ದಕ್ಕೂ ರಕ್ತ ಇಳಿದಿತ್ತು. ಶರಟಿನ ತೋಳಿನಲ್ಲೂ ಇತ್ತು. ಕಿರುಬೆರಳಿನ ತುದಿಯ ಚರ್ಮ ಸೀಳಿ ಒಂದು ಕಡೆಗೆ ಮಡಿಚಿಕೊಂಡಿತ್ತು.

"ಗೊತ್ತಾಗ್ಲಿಲ್ವೇನೋ?"

"ಉರೀತಿತ್ತು. ಹಾಡು ಮುಗೀಲಿ ಅಂತ ಸುಮ್ಕಿದ್ದೆ," ಎಂದ ಬೈರಣ್ಣ. ಕರವಸ್ತ್ರ ಸುತ್ತಿಕೊಂಡ. ಅಪ್ಪಯ್ಯಣ್ಣ ನಕ್ಕು, ಇಂಥವನು ಬೇಕು ನೋಡಿ ಎಂದು ಉಳಿದವರಿಗೆ ಹೇಳಿದ.

ಮನೆಯಲ್ಲಿ ಭಾಗ್ಯಮ್ಮ ಕರವಸ್ತ್ರ ಬಿಚ್ಚಿದಳು. ಗಾಯ ತೊಳೆದು ಅರಿಶಿನ ಹಚ್ಚಿದಳು. ಅರಿಶಿನ ಬಿದ್ದಾಗ ಅವನು ಮುಖ ಕಿವುಚಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲೊಂದು ಚೂರು ಸಿಕ್ಕೊಂಡೈತೆ, ತಂತೀದಿರ್ಬೇಕು. ಸೂಜಿ ತರ್ತೀನಿ ಇರಿ," ಎಂದು ಒಳಗೆ ಹೋಗಿ ಬಂದಳು. "ಆ ಕಡೆ ನೋಡಿ. ನೋಡ್ತಿದ್ರೆ ಕೈ ಎಳ್ಕೊಂತೀರಿ."

ಅವನು ಬಾಗಿಲ ಕಡೆ ತಿರುಗಿದ. ಬೀದಿಯಲ್ಲಿ ಬಿಸಿಲಿತ್ತು. ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಎಮ್ಮೆ ದಾಟಿ, ಅದರ ಹಿಂದಿನ ಕರುವೂ ದಾಟಿತು.

"ಬೇಗ ಚುಚ್ಚು ಮಾರಾಯ್ತಿ, ಎಷ್ಟೊತ್ತು," ಎಂದ.

ತಿರುಗಿ ನೋಡಿದರೆ ಸೂಜಿ ಕಿರುಬೆರಳಿನ ಮಾಂಸದಲ್ಲಿ ನಿಂತಿತ್ತು. ಅವಳು ಕೈಬಿಟ್ಟಿದ್ದಳು, ಆದರೂ ನಿಂತಿತ್ತು. ಅಲ್ಲಿ ಯಾವ ಚೂರೂ ಇರಲಿಲ್ಲ.

"ಎಷ್ಟು ದಿನದಿಂದ?" ಎಂದಳು ಕೊನೆಗೆ.

"ಹೋದ ಯುಗಾದಿಯಿಂದ."

ಆಮೇಲೆ ಅವನು ಸೊಣ್ಣಪ್ಪ ಚಿಕ್ಕಪ್ಪನ ಗುಡಿಸಲಿನ ಮಾತು ಹೇಳಿದ. ಬಂಡೆಯ ಮೇಲಿನ ಎರಡು ಮುದ್ದೆಗಳನ್ನೂ ಹೇಳಿದ. ಹೇಳುವಾಗ ಬಾಗಿಲನ್ನು ತಾನೇ ಹೋಗಿ ಮುಂದಕ್ಕೆ ಎಳೆದುಕೊಂಡು ಬಂದ. ಭಾಗ್ಯಮ್ಮ ಸೂಜಿಯನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದ್ದ ದಾರದುಂಡೆಗೆ ಚುಚ್ಚಿಟ್ಟಳು.

"ನಾಳೆ ಬೆಂಗಳೂರಿಗೆ ಹೋಗಣ. ಇಲ್ಲಿ ಯಾರಿಗೂ ತೋರ್ಸದು ಬ್ಯಾಡ," ಎಂದಳು.

ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರು ವಯಸ್ಸಾದ ಹೆಂಗಸು. ಕಣ್ಣು ಮುಚ್ಚಿಸಿ ಕೋಳಿಪುಕ್ಕದಿಂದ ಅಲ್ಲಲ್ಲಿ ಸವರಿ, ಮುಟ್ಟಿದ ಜಾಗ ತೋರಿಸಿ ಎಂದರು. ಮೊಣಕೈ ಹಿಂದಿನ ನರವನ್ನು ಬರಿಗೈಯಲ್ಲೇ ಹಿಡಿದು ನೋಡಿದರು. ಅದು ಹುರಿಯಂತೆ ದಪ್ಪವಾಗಿತ್ತು. ಒಂದು ವರ್ಷದಿಂದ ಭಾಗ್ಯಮ್ಮನನ್ನು ಬಿಟ್ಟು ಯಾರೂ ಅವನ ಆ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ.

"ಕುಷ್ಠ. ಹೆದರಬೇಡಿ, ಮಾತ್ರೆ ಇದೆ," ಎಂದರು. "ವರ್ಷಗಟ್ಟಲೆ ತಗೋಬೇಕು, ಒಂದು ದಿನಾನೂ ತಪ್ಪಿಸಬಾರದು. ಮನೆ ಬಿಡೋದು ಬೇಡ, ಕೆಲಸ ಬಿಡೋದು ಬೇಡ. ಮಗುನೂ ಎತ್ಕೋಬಹುದು. ನಿಮ್ಮಿಬ್ಬರ ಜೊತೆಗೆ ಮಗುನೂ ಒಂದು ಸಲ ತೋರಿಸ್ಕೊಂಡು ಹೋಗಿ."

"ನಿಕ್ಕಲ್ಲಿಂದ ಅಲ್ವಾ ಅಮ್ಮಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಭಾಗ್ಯಮ್ಮ ಗಿಟಾರಿನ ವಿಷಯ ಬಿಡಿಸಿ ಹೇಳಿದಳು.

"ಬಾರಿಸಿ, ಬೇಡ ಅನ್ನಲ್ಲ. ಆದರೆ ಆ ಎರಡು ಬೆರಳಿಗೆ ಸ್ಪರ್ಶ ವಾಪಸ್ ಬರೋದು ಕಷ್ಟ. ನಯವಾಗಿರೋ ತಂತೀನೇ ಹಾಕ್ಕೊಳ್ಳಿ. ಒರಟಾದ್ದು ಬೆರಳನ್ನ ತಿಂದುಹಾಕಿದರೂ ನಿಮಗೆ ಗೊತ್ತಾಗಲ್ಲ. ಕೈ ಮೇಲೇ ಕಣ್ಣಿಟ್ಟು ನುಡಿಸ್ಬೇಕು."

ಹಾಗಾಗಿ ಆ ವಾರವೆಲ್ಲ ಎರಡೂ ಥರದ ತಂತಿಗಳು ಮಂಚದ ಮೇಲಿದ್ದವು. ಸ್ಟೀಲು ಹಾಕಿದರೆ ಬೆರಳು ಹೋಗುತ್ತದೆ. ಹಳೆಯ ನಿಕ್ಕಲ್ ಹಾಕಿದರೆ, ಅದು ತನ್ನ ಮೈಗಾಗದು ಎಂದು ಊರಿಗೆಲ್ಲ ಹೇಳಿದ ಮಾತು ಹೋಗುತ್ತದೆ. ಬೈರಣ್ಣ ಒಮ್ಮೆ ಇದನ್ನು ಬಿಗಿಯುವನು, ಒಮ್ಮೆ ಅದನ್ನು. ಶುಕ್ರವಾರ ಬೆಳಿಗ್ಗೆ ಭಾಗ್ಯಮ್ಮ ಸ್ಟೀಲಿನ ಸುರುಳಿಯನ್ನು ತಾನೇ ಎತ್ತಿ ಕೆಳಗಿಟ್ಟಳು. "ಬೆರಳಿದ್ರೆ ಬೇರೆ ಮಾತು ಹುಡುಕ್ಬೋದು," ಎಂದಳು.

ಅಂದು ಸಂಜೆ ಸೋಂಪುರದಲ್ಲಿ ಆರತಕ್ಷತೆ. ಮಗುವನ್ನೆತ್ತಿಕೊಂಡು ಭಾಗ್ಯಮ್ಮನೂ ಬಂದಿದ್ದಳು. ಬೈರಣ್ಣ ಕೈ ಮೇಲೆ ಕಣ್ಣಿಟ್ಟೇ ನುಡಿಸಿದ. ಎರಡನೆಯ ಹಾಡಾದ ಮೇಲೆ ಅಪ್ಪಯ್ಯಣ್ಣ ಮೈಕಿಗೆ ಕೈ ಅಡ್ಡ ಹಿಡಿದು ಅವನ ಕಡೆ ಬಗ್ಗಿದ.

"ಏನ್ ಗುರು, ಸದ್ದು ಮಂಕಾಗೈತೆ? ಆ ತಂತಿ ಎಲ್ಲಿ?"

"ಹಳೇದೇ ಹಾಕ್ದೆ."

"ನಿಕ್ಕಲ್ಲು? ಅದು ಮೈಗಾಗಲ್ಲ ಅಂದಿದ್ದೆ."

ಬೈರಣ್ಣ ಬೇರೆ ಮಾತು ಹುಡುಕಿದ, ಸಿಗಲಿಲ್ಲ. ಅಪ್ಪಯ್ಯಣ್ಣನ ಕಣ್ಣು ಬಟ್ಟೆ ಸುತ್ತಿದ ಕಿರುಬೆರಳಿಗೆ ಹೋಯಿತು, ಅಲ್ಲಿಂದ ಮಚ್ಚೆಗೆ, ಮತ್ತೆ ಬೆರಳಿಗೆ. ಗೋದಾಮಿನಲ್ಲಿ ಕಂಡ ರಕ್ತ ಅವನಿಗೆ ನೆನಪಾಗಿರಬೇಕು. ಮೈಕನ್ನು ಎತ್ತಿಕೊಂಡು ಎರಡು ಹೆಜ್ಜೆ ಆಚೆ ನಿಂತು ಮುಂದಿನ ಹಾಡು ಶುರುಮಾಡಿದ. ಅದರಾಚೆ ಆ ಸಂಜೆ ಅವನು ಬೈರಣ್ಣನ ಕಡೆ ತಿರುಗಲಿಲ್ಲ.

ಕಾರ್ಯಕ್ರಮ ಮುಗಿದಾಗ ಸಾಮಾನೆಲ್ಲ ವ್ಯಾನಿಗೇರಿತು. ಡ್ರಮ್ಮು, ಪೆಟ್ಟಿಗೆ, ವೈರುಗಳು. ಗಿಟಾರು ಮಾತ್ರ ಕುರ್ಚಿಗೆ ಒರಗಿಕೊಂಡೇ ಇತ್ತು. ಎತ್ತಿಡಲು ಯಾರೂ ಬರಲಿಲ್ಲ. ಅಪ್ಪಯ್ಯಣ್ಣ ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲೆಳೆದುಕೊಂಡ. "ಜಾಗ ಇಲ್ಲ ಕಣಪ್ಪ, ಬಸ್ಸಿಗೆ ಬಂದ್ಬಿಡು," ಎಂದದ್ದು ಬೈರಣ್ಣನಿಗೆ ಕೇಳಿಸಿತು. ದನಿಯಲ್ಲಿ ಸಿಟ್ಟಿರಲಿಲ್ಲ.

ಭಾಗ್ಯಮ್ಮ ವೇದಿಕೆ ಹತ್ತಿ ಬಂದಳು. ಮಗುವನ್ನು ಅವನ ತೋಳಿಗೆ ದಾಟಿಸಿ, ಗಿಟಾರನ್ನು ತಾನು ಹೆಗಲಿಗೇರಿಸಿಕೊಂಡಳು. ಅವನು ಹಿಂದೆಗೆಯಲು ನೋಡಿದ, ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಇಬ್ಬರೂ ತುಮಕೂರು ರಸ್ತೆಯ ಕಡೆ ನಡೆದರು. ವ್ಯಾನು ಅವರನ್ನು ದಾಟಿ ಹೋಯಿತು. ಅದರ ಧೂಳು ಇಳಿಯುವವರೆಗೆ ನಿಂತಾಗ ಬೈರಣ್ಣ ತಲೆ ಬಗ್ಗಿಸಿದ. ಮಗು ಅವನ ಎಡಗೈಯ ಕಿರುಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತ್ತು. ಎಷ್ಟು ಹೊತ್ತಿನಿಂದ ಹಿಡಿದಿತ್ತೋ, ನೋಡಿದ ಮೇಲೆಯೇ ಅವನಿಗೆ ಗೊತ್ತಾದದ್ದು.