ತಗಡಿನ ಒಳಮೈಯ ವಿಭೂತಿ

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ರಸ್ತೆ ಊರು ಬಿಡುವಲ್ಲಿ ಒಂದು ಬೇವಿನ ಮರವಿದೆ. ಅದರ ಬುಡದಲ್ಲೇ ಮಡಿವಾಳೆಪ್ಪನ ಗ್ಯಾರೇಜು. ಬೋರ್ಡಿಲ್ಲ, ಬೇಕಾಗಿಯೂ ಇರಲಿಲ್ಲ. ನಲವತ್ತು ವರ್ಷಗಳಿಂದ ಸುತ್ತಿನ ಹಳ್ಳಿಗಳ ಡೀಸೆಲ್ ಗಾಡಿಗಳು, ಸಂಜೆಗೆ ದನಗಳು ಕೊಟ್ಟಿಗೆ ಹುಡುಕಿಕೊಂಡು ಬಂದಂತೆ, ತಾವೇ ಬಂದು ಆ ನೆರಳಿನಲ್ಲಿ ನಿಲ್ಲುತ್ತಿದ್ದವು.

ಮಡಿವಾಳೆಪ್ಪನಿಗೊಂದು ನೇಮವಿತ್ತು. ಯಾವ ಗಾಡಿಯನ್ನೇ ಬಿಚ್ಚಲಿ, ಮುಚ್ಚುವ ಮುನ್ನ ಕೈ ತೊಳೆದು, ನೀರಲ್ಲಿ ಕಲಸಿದ ವಿಭೂತಿಯನ್ನು ಬಲಗೈಯ ಮೂರು ಬೆರಳಿಗೆ ಹಚ್ಚಿಕೊಂಡು, ಮುಚ್ಚುವ ತಗಡಿನ ಒಳಮೈಗೆ ಮೂರು ಗೆರೆ ಎಳೆಯುತ್ತಿದ್ದ. ಅದು ಗಿರಾಕಿಯ ಕಣ್ಣಿಗೆ ಬೀಳುವಂಥದ್ದಲ್ಲ. ನನ್ನ ಪಾಲಿನ ಕೆಲಸ ಮುಗಿಯಿತು ಶಿವನೇ, ಇನ್ನು ನಿನ್ನದು ಎಂದು ಒಪ್ಪಿಸುವುದು ಅಷ್ಟೇ.

ಶ್ರಾವಣದ ಒಂದು ಸೋಮವಾರ ಮುಂಜಾನೆ ನಾಲ್ವರು ಹಮಾಲರು ಒಂದು ಹಳೆಯ ಬಿಳಿ ಕಾರನ್ನು ದಬ್ಬಿಕೊಂಡು ಬಂದರು. ಒಳಗೆ ಸ್ಟೇರಿಂಗ್ ಹಿಡಿದು ಕುಳಿತವನು ಮನೋಳಿಯ ದಿಗಂಬರ, ಸಾಲಿ ಮಾಸ್ತರಿಕೆಯಿಂದ ನಿವೃತ್ತನಾದವ. ಹುಡುಗರಾಗಿದ್ದಾಗ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತವರು.

"ಏನಲೇ ದಿಗಂಬರಾ, ಹೊಡ್ಕೋತ ಬರೂದು ಬಿಟ್ಟು ದಬ್ಬಿಸ್ಕೋತ ಬಂದಿ?"

"ಗೇರ ಬೀಳವಲ್ದೋ ಮಾರಾಯಾ. ಮೂರನೇದಕ್ಕ ಹಾಕಿದ್ರ ಒಂದನೇದಕ್ಕ ಬೀಳ್ತದ. ನಿನ್ನ ಕಡೆನ ಬರಾಕ ಹತ್ತಿದ್ದೆ, ಅಷ್ಟ್ರಾಗ ನಿಂತುಬಿಡ್ತು."

ಬೆವರು ಒರೆಸಿಕೊಳ್ಳುತ್ತಿದ್ದ ಹಮಾಲನೊಬ್ಬ ನಕ್ಕ. "ಏನ ಬರಾಕ ಹತ್ತಿದ್ರಿಪಾ! ಗ್ಯಾರೇಜ ದಾಟಿ ಕಿತ್ತೂರ ಕಡೆ ಅರ್ಧಾ ಮೈಲು ಹೋಗಿದ್ರಿ. ಹಿಂದಕ್ಕ ದಬ್ಬಿ ದಬ್ಬಿ ನಮ್ಮ ನಡಾ ಹೋತು."

ದಿಗಂಬರ ಹಮಾಲರಿಗೆ ಕೊಡಲು ಕಿಸೆಯಲ್ಲಿ ಚಿಲ್ಲರೆ ಹುಡುಕತೊಡಗಿದ. ಮಡಿವಾಳೆಪ್ಪನೂ ಆ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಕಾರಿನೊಳಗೆ ಬಾಗಿ ಗೇರ್ ಲಿವರ್ ಅಲ್ಲಾಡಿಸಿದ. ಅಂಬಲಿ ಗಡಿಗೆಯೊಳಗಿನ ಸೌಟಿನಂತೆ ಅದು ಎತ್ತೆತ್ತಲೋ ವಾಲಿತು.

"ಹೋದ ವರ್ಷ ನಾನ ಇದಕ್ಕ ಹೊಸಾ ಬುಶ್ ಹಾಕಿದ್ನೆಲ್ಲೋ! ಇಷ್ಟ ಲಗೂನ ಸವದೈತಿ? ಬಿಚ್ಚೂನು ತಡಿ."

"ಬಿಚ್ಚಬ್ಯಾಡೋ. ಮ್ಯಾಲ ಮ್ಯಾಲ ಏನರೆ ಮಾಡಿಕೊಡು, ಸಾಕು. ಮನ್ಯಾಗ ಹಾದಿ ನೋಡ್ತಿರ್ತಾರ."

"ಮ್ಯಾಲ ಮ್ಯಾಲ ಮಾಡಾಕ ಇದೇನ ಮಾರಿಗೆ ಪೌಡರ್ ಹಚ್ಚೂದೇನೋ?"

ಲಿವರಿನ ಬುಡದ ರಬ್ಬರ್ ಬೂಟು ಸುಲಿದು, ಪಾನಾ ಹಚ್ಚಿ ನಾಲ್ಕು ಬೋಲ್ಟು ತೆಗೆದು, ತಗಡನ್ನು ಎತ್ತಿ ಮಗುಚಿ ಹಿಡಿದ. ಮೂರು ಬಿಳಿ ಗೆರೆಗಳು ಹಾಗೇ ಇದ್ದವು. ಕಂಡೊಡನೆ ರೂಢಿಯಂತೆ ಹಣೆಗೆ ಕೈ ಹೋಯಿತು. ಹೋದ ಕೈ ನಡುವೆಯೇ ನಿಂತಿತು.

ಮಡಿವಾಳೆಪ್ಪ ಎಳೆದ ಗೆರೆ ಎಡಕ್ಕೆ ದಪ್ಪವಾಗಿ ಹುಟ್ಟಿ ಬಲಕ್ಕೆ ತೆಳುವಾಗಿ ಮುಗಿಯುತ್ತದೆ. ಈ ಗೆರೆಗಳು ಬಲದಿಂದ ಹುಟ್ಟಿ ಎಡಕ್ಕೆ ಹೋಗಿದ್ದವು. ಎಡಗೈಯವನು ಎಳೆದ ಗೆರೆ. ಅಂಥ ಕೈಯವನು ಅವನಿಗೆ ಗೊತ್ತಿದ್ದದ್ದು ಒಬ್ಬನೇ, ಅರ್ಜುನ. ಇದೇ ಬೇವಿನ ಕೆಳಗೆ ಹನ್ನೆರಡು ವರ್ಷ ಕಲಿತು, ಕಾಲಿಗೆ ಬಿದ್ದು ಹೋಗಿ ಕಿತ್ತೂರಿನಲ್ಲಿ ತನ್ನದೇ ಗ್ಯಾರೇಜು ಹಾಕಿದವ. ಅವನು ಎಡಗೈಯಲ್ಲಿ ಪಾನಾ ಹಿಡಿದರೆ ಮಡಿವಾಳೆಪ್ಪ ಏನೂ ಅನ್ನುತ್ತಿರಲಿಲ್ಲ. ವಿಭೂತಿಗೆ ಎಡಗೈ ಹಾಕಿದರೆ ಮಾತ್ರ ಮಣಿಕಟ್ಟಿಗೆ ಒಂದು ಏಟು ಬೀಳುತ್ತಿತ್ತು.

ಒಳಗೆ ನೋಡಿದ. ಲಿವರಿನ ಬುಡ ಕೂರುವ ಬುಶ್ ತಾನು ಹಾಕಿದ್ದಲ್ಲ. ಲಿವರ್ ಮೇಲೇಳದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಒಂದು ಕಾಲು ಮೇಲಕ್ಕೆ, ಒಂದು ಕಾಲು ಕೆಳಕ್ಕೆ ಮಡಚಿತ್ತು. ತಾನೇ ಕಲಿಸಿದ ಮಡಚು.

"ಯಾವಾಗ?" ಎಂದ, ತಲೆ ಎತ್ತದೆ.

ದಿಗಂಬರ ಬೇವಿನ ಕಟ್ಟೆಯ ಮೇಲೆ ಕುಳಿತ. "ನೀ ಮಾಡಿಕೊಟ್ಟ ಮೂರನೇ ದಿವಸ. ಸವದತ್ತಿ ಗುಡ್ಡಾ ಇಳಿಯೂವಾಗ ಲಿವರ್ ಕೈಯಾಗ ಎದ್ದು ಬಂತೋ. ಸುಂದರಾಬಾಯಿ ಇದ್ಳು, ಮಗಳು ಶರ್ವರಿ ಇದ್ಳು. ಯಲ್ಲಮ್ಮನ ಉಳಿಸಿದ್ಳು ಅನ್ನು. ಆಮ್ಯಾಲೆ ಅರ್ಜುನ ಬಂದು ಬಿಚ್ಚಿ ನೋಡಿದ. ನೀ ಪಿನ್ ಹಾಕೋದ ಮರ್ತಿದ್ದಿ."

ಬೇವಿನ ಹಣ್ಣೊಂದು ಕಾರಿನ ತಲೆಯ ಮೇಲೆ ಟಪ್ಪೆಂದು ಬಿತ್ತು.

"ನಿನಗ ಹೆಂಗ ಹೇಳ್ಲಿ? ಮನಸಿಗೆ ಹಚ್ಕೋತಿ ಅನಿಸ್ತು. 'ಗುರುಗಳಿಗೆ ಗೊತ್ತಾಗೂದು ಬ್ಯಾಡ್ರಿ, ಹೆಂಗಿತ್ತೋ ಹಂಗ ಮಾಡಿ ಇಡ್ತೇನಿ' ಅಂತ ಅರ್ಜುನನೂ ಅಂದ. ನಿನ್ನ ಮ್ಯಾಲಿನ ಪ್ರೀತಿಗೆ ಮಾಡಿದ್ವೋ."

ಮಡಿವಾಳೆಪ್ಪ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಹೇಳಿದ: "ಮಾಸ್ತರ್ರ."

ಐವತ್ತು ವರ್ಷದಲ್ಲಿ ಅವನು ಹಾಗೆ ಕರೆದಿರಲಿಲ್ಲ. ದಿಗಂಬರನ ಮುಖ ಬಾಡಿತು. "ನಂಗ್ಯಾಕೋ ಮಾಸ್ತರ್ರ ಅಂತಿ..."

"ಮರ್ತಿದ್ದು ನನ್ನ ತಪ್ಪು. ನಿಮ್ಮ ಹೆಂಡ್ತಿ ಮಗಳ ಕಾಲಿಗೆ ಬೀಳ್ತೇನಿ. ಆದ್ರ ಅವತ್ತ ಬಂದು ನನ್ನ ಕಪಾಳಕ್ಕ ಹೊಡೀಬೇಕಾಗಿತ್ರಿ ನೀವು. ಆವಾಗಿಂದ ಎಷ್ಟ ಗಾಡಿ ಇದ ಕೈಲೆ ಮುಚ್ಚೇನಿ, ಖಬರ್ ಐತೇನ್ರಿ? ಅದರಾಗೂ ಹೆಂಡ್ರು ಮಕ್ಕಳು ಕುಂಡರ್ತಾರ. ಅವ್ರು ಎಲ್ಲಿ ಇಳಿಯಾಕ ಹತ್ಯಾರೋ, ಯಾವ ಗುಡ್ಡಾ!"

"ತಪ್ಪಾತೋ."

"ಕುರುಡ ಬಾವಿ ಕಡೆ ನಡದಾನ ಅಂತ ಗೊತ್ತಿದ್ದೂ ಕೈ ಹಿಡಕೊಂಡು ಭಜನಿ ಹೇಳೂದು ಪ್ರೀತಿ ಅಲ್ರಿ." ಅವನ ದನಿ ಏರಲಿಲ್ಲ. ತಗಡಿನತ್ತ ಬೆರಳು ತೋರಿಸಿದ. "ಮತ್ತ ಇದು. ನನ್ನ ಹೆಸರ ಕದ್ದಿದ್ರ ಬಿಡ್ತಿದ್ದೆ. ಇದು ನನ್ನ ಹೆಸರಲ್ರಿ."

ಲಿವರನ್ನು ಹೊರತೆಗೆದು ಬಿಸಿಲಿಗೆ ಹಿಡಿದ. ಅದರ ಬುಡದ ಉಕ್ಕಿನ ಗುಂಡೇ ಒಂದು ಮಗ್ಗುಲಿಗೆ ಸವೆದಿತ್ತು. ಎಷ್ಟು ಹೊಸ ಬುಶ್ ಹಾಕಿದರೂ ಆ ಗುಂಡು ತಿಂದು ಹಾಕುತ್ತದೆ. ಅದು ಹೋದ ವರ್ಷ ತನಗೂ ಕಂಡಿರಲಿಲ್ಲ, ಅರ್ಜುನನಿಗೂ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಕೂಗಿ ಕರೆದು ತೋರಿಸುತ್ತಿದ್ದ. ಇಂದು ಸುಮ್ಮನೆ ಪಕ್ಕದ ಲೇತಿನವನ ಬಳಿ ಹೋಗಿ, ಗುಂಡಿಗೆ ವೆಲ್ಡಿಂಗ್ ತುಂಬಿಸಿ, ತಿರುವಿಸಿ, ನುಣ್ಣಗೆ ಮಾಡಿಸಿ ತಂದ. ಹೊಸ ಬುಶ್ಶಿಗೆ ಗ್ರೀಸು ತುಂಬಿ ಕೂರಿಸಿದ. ಪಿನ್ನು ಹಾಕಿ ಮಡಚಿದ.

"ಬರ್ರಿ ಮಾಸ್ತರ್ರ, ನಿಮ್ಮ ಕಣ್ಣಲೆ ನೋಡ್ರಿ. ಪಿನ್ ಐತಿಲ್ಲೋ?"

"ಅದಪಾ, ಪಿನ್ ಅದ," ಎಂದ ದಿಗಂಬರ, ಬಾಗಿ ನೋಡಿ.

ತಗಡನ್ನು ಬೇವಿನ ಬುಡಕ್ಕೆ ಒಯ್ದು, ಯಾರ ಕಾಲೂ ತುಳಿಯದಲ್ಲಿ ತೊಳೆದ. ಕಳ್ಳ ಗೆರೆಯಾದರೂ ವಿಭೂತಿ ವಿಭೂತಿಯೇ. ಒರೆಸಿ, ಏನೂ ಎಳೆಯದೆ ಬರಿದಾಗಿಯೇ ಮುಚ್ಚಿದ. ಗೇರುಗಳು ಒಂದೊಂದಾಗಿ ಸದ್ದಿಲ್ಲದೆ ತಮ್ಮ ತಮ್ಮ ಮನೆಗೆ ಬಿದ್ದವು. ಕಾರು ಸವದತ್ತಿ ದಾರಿ ಹಿಡಿಯುವುದನ್ನು ಅವನು ನಿಂತು ನೋಡಲಿಲ್ಲ.

ಪಾನಾ, ಕೈಬ್ಯಾಟರಿ, ಒಂದು ಹಿಡಿ ಸ್ಪ್ಲಿಟ್ ಪಿನ್ನು ಚೀಲಕ್ಕೆ ಹಾಕಿಕೊಂಡು, ಮೂರು ಗಂಟೆಗೇ ಗ್ಯಾರೇಜಿಗೆ ಬೀಗ ಜಡಿದು ಸಂಗೊಳ್ಳಿಗೆ ಹೊರಟ. ಯುಗಾದಿಗೆ ಮುಂಚೆ ಅಲ್ಲಿನ ರೈತ ಮಲಕಾಜಪ್ಪನ ಜೀಪಿನ ಗೇರ್ ಲಿವರನ್ನು ತಾನೇ ಬಿಚ್ಚಿ ಕಟ್ಟಿದ್ದ. ಇಂಥವು ಇನ್ನೂ ಎಷ್ಟಿದ್ದವೋ, ಒಂದೊಂದಾಗಿ ಬಿಚ್ಚಿ ನೋಡಲೇಬೇಕು.

ಮಲಕಾಜಪ್ಪ ಅಂಗಳದಲ್ಲಿ ಶೇಂಗಾ ಬುಟ್ಟಿ ಇಳಿಸುತ್ತಿದ್ದ. "ಕಾಕಾ, ಹೇಳಿ ಕಳಿಸದನ ಬಂದೀರಲ್ಲ? ಜೀಪ ಚಲೋ ಐತ್ರಿ, ಬೆಣ್ಣಿಯಾಗ ಚಮಚಾ ತಿರುವಿದಂಗ ಗೇರ ಬೀಳತಾವು."

"ಇರ್ಲಿ, ಒಮ್ಮೆ ನೋಡ್ತೇನಿ."

ಬಿಚ್ಚಿದ. ಪಿನ್ನು ಇತ್ತು, ಕಾಲೊಂದು ಮೇಲೆ, ಕಾಲೊಂದು ಕೆಳಗೆ. ತಗಡು ಮಗುಚಿದ. ಮೂರು ಗೆರೆ, ಎಡಕ್ಕೆ ದಪ್ಪ, ಬಲಕ್ಕೆ ತೆಳು. ತನ್ನದೇ. ಉಸಿರು ಬಿಟ್ಟ. ಬಿಟ್ಟ ಉಸಿರು ಹಗುರಾಗಲಿಲ್ಲ. ಬಲಗೈಯಿಂದ ಗೆರೆ ಎಳೆಯುವುದನ್ನೂ ಅರ್ಜುನನಿಗೆ ತಾನೇ ಕಲಿಸಿದ್ದ.

"ಮಲಕಾಜಪ್ಪಾ, ನಡುವ ಇದನ್ನ ಯಾರರೆ ಬಿಚ್ಚಿದ್ರೇನಪಾ? ಖರೇ ಹೇಳು."

"ಯಾರೂ ಇಲ್ರಿ ಕಾಕಾ! ನಿಮ್ಮ ಕೈ ಬಿಟ್ಟು ಮತ್ತೊಂದ ಕೈ ಮುಟ್ಟಿಲ್ಲ. ಬೇಕಂದ್ರ ಯಲ್ಲಮ್ಮನ ಭಂಡಾರ ಮುಟ್ಟಿ ಆಣಿ ಮಾಡ್ತೇನಿ."

"ಬ್ಯಾಡ, ಬ್ಯಾಡ. ನಂಬಿದೆ," ಎಂದ ಮಡಿವಾಳೆಪ್ಪ.

ಮುಚ್ಚಲು ತಗಡನ್ನು ಇಳಿಸಿದ. ಅರ್ಧಕ್ಕೆ ತಡೆದು ಮತ್ತೆ ಎತ್ತಿದ. ಇಳಿಬಿಸಿಲಿಗೆ ವಾಲಿಸಿ ಹಿಡಿದು, ತನ್ನ ಬಲಗೈಯ ಮೂರು ಬೆರಳುಗಳನ್ನು ಒಂದೊಂದಾಗಿ ಆ ಗೆರೆಗಳ ಮೇಲಿಟ್ಟು ಅಳತೆ ನೋಡತೊಡಗಿದ.