ಸಿಪ್ಪೆ ಸುಲಿದು ತಿನ್ನಿ

ಇಂಡೋನೇಷ್ಯಾದ ಮಕಾಸ್ಸರ್‌ನ ನಮ್ಮ ವಿಶ್ವವಿದ್ಯಾಲಯದಲ್ಲಿ ನನ್ನ ಗೆಳತಿ ರನ್ನು ಇಂಗ್ಲಿಷ್ ಭಾಷಣದ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಈ ಸಲವೂ ಹೋದರೆ ಪದವಿಯ ಆಸೆ ಬಿಡಬೇಕಿತ್ತು.

ನಮಗೆ ಇಂಗ್ಲಿಷ್ ಕಲಿಸುವ ಮರ್ವಾ ಮೇಡಂ ಈ ವರ್ಷ ಪರೀಕ್ಷೆ ತೆಗೆದುಹಾಕಿ ಪ್ರಾಜೆಕ್ಟ್ ಕೊಟ್ಟರು. ಏನಾದರೂ ನೀವೇ ತಯಾರಿಸಿ, ಅದನ್ನು ಹೊರಗಿನವರ ಮುಂದೆ ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿ, ಚೀಟಿ ನೋಡುವಂತಿಲ್ಲ ಎಂದರು. ನಾವಿಬ್ಬರೂ ಸಮುದ್ರಪಾಚಿಯ ದೋದೋಲ್ ಮಾಡಿದೆವು. ತೆಂಗಿನಹಾಲು, ತಾಳೆಬೆಲ್ಲ ಸುರಿದು ರಟ್ಟೆ ಬಿದ್ದುಹೋಗುವಷ್ಟು ಹೊತ್ತು ತಿರುವಿ, ಒಣಗಿದ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ಸಿಹಿ ಅದು. ಒಲೆಯ ಮುಂದೆ ಇವಳ ಇಂಗ್ಲಿಷು ಅರಳು ಹುರಿದ ಹಾಗೆ ಪಟಪಟ. ವೇದಿಕೆ ಅಂದರೆ ಮಾತ್ರ ಬಾಯಿಗೆ ಬೀಗ.

ಅದರ ಮೇಲೆ ನಮ್ಮವರ ಪದ್ಧತಿ ಬೇರೆ. ಯಾವ ಭಾಷಣವಾದರೂ ಮೊದಲು ದೊಡ್ಡವರನ್ನೆಲ್ಲ ಸಾಲಾಗಿ ವಂದಿಸಬೇಕು.

"ಅದನ್ನ ಒಂದೇ ಮಾತಲ್ಲಿ ಮುಗಿಸೇ," ಎಂದೆ.

"ನಿಂಗೇನೇ ಬೆಸ್ಸೆ, ಡೀನ್ ಸಾಹೇಬ್ರನ್ನ ಬಿಟ್ರೆ ನನ್ನ ಸುಮ್ನೆ ಬಿಡ್ತಾರಾ?"

ಪ್ರಾಜೆಕ್ಟ್ ವಿವರಿಸುವ ದಿನ ರನ್ನು ವೇದಿಕೆ ಹತ್ತಿದಳು. ಮಾನ್ಯ ಕುಲಪತಿಗಳೇ, ಮಾನ್ಯ ಡೀನ್ ಅವರೇ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿ ತಡವರಿಸಿದಳು. ಮತ್ತೆ ಮೊದಲಿನಿಂದ ಕುಲಪತಿಗಳೇ. ಅವರು ಬಂದೇ ಇರಲಿಲ್ಲ. ಎರಡು ನಿಮಿಷ ನೀರಲ್ಲಿ ಹೋಮವಾಯಿತು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ನೆದರ್ಲೆಂಡ್ಸ್‌ನ ಅತಿಥಿ ಯೋರಿಸ್ ರುಚಿ ನೋಡಲೆಂದು ನಾವಿಟ್ಟಿದ್ದ ತಟ್ಟೆಯಿಂದ ಒಂದು ದೋದೋಲ್ ಎತ್ತಿ, ಸಿಪ್ಪೆ ಸಮೇತ ಬಾಯಿಗಿಟ್ಟು ಜಗಿಯತೊಡಗಿದ. ಪಾಪ, ಮರ್ಯಾದೆಗೆ ನಗುತ್ತಲೇ ಜಗಿದ.

"ಅಯ್ಯೋ ಸಾರ್, ಉಗೀರಿ ಅದನ್ನ! ಅದು ಬರೀ ಹೊದಿಕೆ!" ರನ್ನು ಇಂಗ್ಲಿಷಿನಲ್ಲೇ ಕೂಗಿದಳು.

ಸಭೆ ಗೊಳ್ಳೆಂದಿತು. ಅವಳು ದಡದಡ ಕೆಳಗಿಳಿದು ಇನ್ನೊಂದನ್ನು ಸುಲಿದು ಅವನ ಕೈಗಿಟ್ಟಳು. ಪ್ಲಾಸ್ಟಿಕ್ ಯಾಕೆ ಬೇಡ ಅಂತ ಅವನು ಕೇಳಿದ. ಜೋಳದ ಸಿಪ್ಪೆ ಹೇಗೆ ಜಿಡ್ಡು ಹೀರುತ್ತದೆ ಎಂದು ವಿವರಿಸಿದಳು. ಪಾಚಿ ಎಲ್ಲಿಂದ ಅಂದ. ಅಪ್ಪ ಅದನ್ನು ಹಗ್ಗಕ್ಕೆ ಕಟ್ಟಿ ಕಡಲಲ್ಲಿ ಬೆಳೆಸುವುದನ್ನು ಕೈಯಾಡಿಸಿ ತೋರಿಸಿದಳು. ವ್ಯಾಕರಣ ಅಲ್ಲಲ್ಲಿ ಸೊಟ್ಟಗಿತ್ತು, ಯಾರಿಗೆ ಬೇಕಿತ್ತು? ಹಿಂದಿನ ಸಾಲಿನವರು ಎದ್ದು ನಿಂತು ಕೇಳುತ್ತಿದ್ದರು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೇಡಂ ತಲೆದೂಗುತ್ತ ಅಂಕ ಬರೆದು ಪೆನ್ನು ಮುಚ್ಚಿದರು.

ಆಗ ರನ್ನು ನನ್ನ ಹತ್ತಿರ ಬಂದು ಅಳುಮೋರೆಯಲ್ಲಿ ಪಿಸುಗುಟ್ಟಿದಳು. "ಬೆಸ್ಸೆ, ಟೈಮಾಗೋಯ್ತಲ್ಲೇ. ಭಾಷಣ ಇನ್ನೂ ಶುರುನೇ ಮಾಡಿಲ್ಲ ನಾನು."